ಲೈಟಿನಲ್ಲಿ ಹೊಳೆದ ನೋಟೆಲ್ಲ ಖೋಟಾ ಅಲ್ಲ

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ದಿನಸಿ ಅಂಗಡಿ. ತೋಟದ ಕೆಲಸದವರೊಬ್ಬರು ಕೊಟ್ಟ 500 ರೂಪಾಯಿ ನೋಟು ಯುವಿ ಲೈಟಿನಲ್ಲಿ ಬೆಳ್ಳಗೆ ಹೊಳೆಯಿತು. ಜೇಬಿನಲ್ಲೇ ಉಳಿದು ಬಟ್ಟೆ ಜೊತೆ ಒಗೆದು ಹೋಗಿತ್ತು ಅಂತಾರೆ. ಇದು ಖೋಟಾನಾ? ಲ್ಯಾಬಿನಲ್ಲಿ ಹೇಗೆ ಪತ್ತೆ ಮಾಡುತ್ತಾರೆ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಅವರು ಹೇಳಿದ್ದು ನಿಜವೇ ಇರಬಹುದು. ಕಾಗದ ಪರೀಕ್ಷೆಯಲ್ಲೇ ನನ್ನ ಸರ್ವಿಸ್ ಕಳೆಯಿತು. ಬರೀ ಲೈಟು ನಂಬಿ ಕೂಲಿಯವರನ್ನು ಕಳ್ಳರಂತೆ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ನೋಟಿನ ಕಾಗದ ಹತ್ತಿಯದು. ಪಕ್ಕದ ಮೈಸೂರಿನಲ್ಲೂ ತಯಾರಾಗುತ್ತದೆ. ಅದಕ್ಕೆ ಹೊಳಪಿನ ರಾಸಾಯನಿಕ ಹಾಕುವುದಿಲ್ಲ. ಹಾಗಾಗಿ ಯುವಿ ಬೆಳಕಿನಲ್ಲಿ ನಂಬರು, ಭದ್ರತಾ ದಾರ, ಅಲ್ಲಲ್ಲಿ ಸೇರಿಸಿದ ನಾರುಗಳು ಹೊಳೆಯುತ್ತವೆ, ಉಳಿದ ಕಾಗದ ಮಂಕಾಗಿರುತ್ತದೆ. ಜೆರಾಕ್ಸ್ ಕಾಗದ ಪೂರ್ತಿ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಆದರೆ ಅದೇ ರಾಸಾಯನಿಕ ಸೋಪಿನ ಪುಡಿಯಲ್ಲೂ ಇರುತ್ತದಲ್ವಾ? ಒಗೆದ ಅಸಲಿ ನೋಟೂ ಹೊಳೆಯುತ್ತದೆ. ಖೋಟಾ ಪತ್ತೆಗೆ ನೋಟಿನ ಮೇಲೆ ಗೀಚುವ ಅಯೋಡಿನ್ ಪೆನ್ನಿನ ಕಥೆಯೂ ಇಷ್ಟೇ. ಅದು ಹುಡುಕುವುದು ಸಾಮಾನ್ಯ ಕಾಗದದಲ್ಲಿರುವ ಪಿಷ್ಟವನ್ನು. ಬಟ್ಟೆಯ ಗಂಜಿ ತಾಗಿದ ಒಳ್ಳೆ ನೋಟಿನ ಮೇಲೂ ಕಪ್ಪು ಗೆರೆ ಮೂಡೀತು.

ಲ್ಯಾಬಿನಲ್ಲಿ ನಾರನ್ನೇ ನೋಡುತ್ತೇವೆ. ಅಂಚಿನಿಂದ ಚೂರೇ ಚೂರು ಕಾಗದ ತೆಗೆದು, ನೀರಿನಲ್ಲಿ ಬೇಯಿಸಿ, ನಾರು ಬಿಡಿಸಿ, ಗಾಜಿನ ಮೇಲೆ ಹರಡುತ್ತೇವೆ. ಮೇಲೆ ನಾರಿಗೆ ಬಣ್ಣ ಹಿಡಿಸುವ ಹರ್ಜ್‌ಬರ್ಗ್ ದ್ರಾವಣದ ಒಂದು ಹನಿ. ಹತ್ತಿ ನಾರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಸಾಮಾನ್ಯ ಕಾಗದ ಮರದ ತಿರುಳಿನದು (ಪಲ್ಪ್): ರಾಸಾಯನಿಕದಲ್ಲಿ ಬೇಯಿಸಿದ ತಿರುಳು ನೀಲಿ-ನೇರಳೆ ಆಗುತ್ತದೆ, ಸುಮ್ನೆ ಅರೆದ ತಿರುಳು ಹಳದಿ. ಮೈಕ್ರೋಸ್ಕೋಪಿನಲ್ಲಿ ಹತ್ತಿ ನಾರು ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ. ನೀಲಗಿರಿಯಂಥ ಮರದ ತಿರುಳಿನಲ್ಲಿ ನಾರಿನ ನಡುವೆ ಅಗಲವಾದ, ತೂತು ತೂತಿನ ಕೋಶಗಳೂ ಸಿಗುತ್ತವೆ. ಎಷ್ಟು ಒಗೆದರೂ ಈ ಗುರುತು ಹೋಗುವುದಿಲ್ಲ.

ನೀವು ಮನೆಯಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ. ನೋಟನ್ನು ಓರೆ ಮಾಡಿ, ದಾರ ಹಸಿರಿನಿಂದ ನೀಲಿಗೆ ತಿರುಗುತ್ತಾ ನೋಡಿ. ಎರಡೂ ಅಂಚಿನ ಐದೈದು ಓರೆ ಗೆರೆ ಬೆರಳಿಗೆ ಸಿಗುತ್ತವಾ ನೋಡಿ (ತುಂಬಾ ಸವೆದಿದ್ದರೆ ಸಿಗದು). ಆಮೇಲೂ ಅನುಮಾನ ಇದ್ದರೆ ಬ್ಯಾಂಕಿಗೆ ಒಯ್ಯಿರಿ. ಸಂತೆಯಲ್ಲಿ ಬೇರೆಯವರಿಗೆ ದಾಟಿಸಬೇಡಿ. ಖೋಟಾ ಅಂತ ಗೊತ್ತಿದ್ದೂ ಚಲಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಮಿನಡಿ ಅಪರಾಧ. ಖೋಟಾ ಅಂತಾದರೆ ಬ್ಯಾಂಕಿನವರು ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ. ಹಣ ವಾಪಸ್ ಬರುವುದಿಲ್ಲ, ಆದರೆ ರಸೀದಿ ಕೊಡಲೇಬೇಕು, ಕೇಳಿ ಪಡೆಯಿರಿ. ಒಂದೇ ಸಲಕ್ಕೆ ಐದು ಅಥವಾ ಜಾಸ್ತಿ ಸಿಕ್ಕಿದರೆ ಮಾತ್ರ ಎಫ್‌ಐಆರ್ ಆಗುತ್ತದೆ. ಒಂದು ನೋಟಿಗೆ ನೀವೂ ಹೆದರಬೇಡಿ, ಅವರನ್ನೂ ಹೆದರಿಸಬೇಡಿ.