ಕಾಮಣ್ಣ ಆಮದಾದವನಲ್ಲ

ಬೆಂಗಳೂರಿನ ಓದುಗರೊಬ್ಬರು ಬರೆಯುತ್ತಾರೆ: ‘ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸಲ ಹೋಳಿಯ ಗಲಾಟೆ ಹೇಳತೀರದು. ಮೊಮ್ಮಗಳ ಕೂದಲಿಗೆ ಹತ್ತಿದ ಬಣ್ಣ ವಾರವಾದರೂ ಹೋಗಿಲ್ಲ. ಇದು ಉತ್ತರ ಭಾರತದವರ ಹಬ್ಬ, ಸಿನಿಮಾ ನೋಡಿ ನಮ್ಮ ಮಕ್ಕಳು ಕಲಿತದ್ದು. ನಮಗೆ ಯುಗಾದಿ ಇದೆ, ಅದು ಸಾಕು. ಈ ಆಮದು ಹಬ್ಬದ ವಿರುದ್ಧ ನೀವೇಕೆ ಬರೆಯಬಾರದು?’

ಉತ್ತರ: ಮೊಮ್ಮಗಳ ಕೂದಲಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಲ್ಲೆ ಎಂದವರಿಗೆ ರಾಸಾಯನಿಕ ಬಳಿಯುವುದು ಹಬ್ಬವಲ್ಲ, ಪುಂಡಾಟ. ಆದರೆ ‘ಆಮದು ಹಬ್ಬ’ ಎಂದಿರಲ್ಲ ತಾಯಿ, ಆ ಮಾತು ನನಗೆ ನಾಟಿತು.

ನಾನು ಬಾಗಲಕೋಟೆ ಕಡೆಯವನು. ಶಿವರಾತ್ರಿ ಮುಗಿದರೆ ಸಾಕು, ಓಣಿ ಓಣಿಯಲ್ಲಿ ಹಲಗಿ ಸದ್ದು ಶುರು. ಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಸುತ್ತಿದ್ದರು. ಮೊದಲು ದಬದಬ ಎನ್ನುತ್ತಿದ್ದ ಚರ್ಮ ಕಾವು ಏರಿದಂತೆ ಬಿಗಿದು ಕಣಕಣ ಎನ್ನತೊಡಗುತ್ತಿತ್ತು. ಬೆರಳಲ್ಲಿ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, ಇನ್ನಷ್ಟು ಕಾಸುತ್ತಿದ್ದರು. ನಾವು ಹುಡುಗರು ಕತ್ತಲಾದ ಮೇಲೆ ಕಟ್ಟಿಗೆ, ಕುಳ್ಳು ಕದಿಯಲು ಹೊರಡುತ್ತಿದ್ದೆವು. ಕಾಮಣ್ಣನ ಮಕ್ಕಳು ಕದಿಯಲೇಬೇಕು, ಅದು ಕಟ್ಟಳೆ. ವರ್ಷವಿಡೀ ಒಂದು ಕುಳ್ಳು ಮುಟ್ಟಿದರೂ ಬೈಯುತ್ತಿದ್ದ ನಮ್ಮ ಅಜ್ಜಿ ಆ ರಾತ್ರಿ ಮಾತ್ರ ಹಿತ್ತಲ ಬಾಗಿಲ ಚಿಲಕ ಹಾಕುತ್ತಿರಲಿಲ್ಲ. ಕಾಮನನ್ನು ಸುಟ್ಟ ಬಳಿಕ ಅದೇ ಕೆಂಡ ಮನೆಗೆ ತರಿಸಿ, ಅದರಲ್ಲಿ ಕಡಲೆ ಹುರಿದು ನಮ್ಮ ಅಂಗೈಗೆ ಸುರಿಯುತ್ತಿದ್ದಳು: ‘ತಿನ್ರೋ, ಹಲ್ಲ ಗಟ್ಟಿ ಆಗ್ತಾವ.’ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಎಂದು ಅತ್ತವರಿಗೇ ಮರುದಿನ ಊಟ. ‘ಹೊಯ್ಕೊಂಡ ಬಾಯಿಗೆ ಹೋಳಿಗಿ’ ಎಂಬ ಗಾದೆ ಹುಟ್ಟಿದ್ದು ಯಾವ ಸಿನಿಮಾದಿಂದ?

ಓದಿನ ಸಾಕ್ಷಿ ಬೇಕೆ? ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಗಳ ಮುಂದೆ ನಿಂತು ನೋಡಿ, ಅಲ್ಲಿ ವಸಂತೋತ್ಸವದ ನೀರಾಟವಿದೆ. ಪಿಚಕಾರಿ ಎಂಬ ಮಾತು ಬರುವ ಮೊದಲೇ ನಮ್ಮ ಹಳೆಯ ಕವಿಗಳು ‘ಜೀರ್ಕೊಳವಿ’ ಎನ್ನುತ್ತಿದ್ದರು. ಬಣ್ಣದ ನೀರಿಗೆ ‘ಓಕುಳಿ’ ಎಂಬ ನಮ್ಮದೇ ಪದವಿದೆ. ಹರಿಹರನ ಗಿರಿಜಾಕಲ್ಯಾಣದಲ್ಲಿ ಕಾಮ ಸುಟ್ಟುಹೋದಾಗ ರತಿ ಅಳುವ ಭಾಗವನ್ನು ದಯವಿಟ್ಟು ಗಟ್ಟಿಯಾಗಿ ಓದಿ. ಇನ್ನು 13ನೇ ಶತಮಾನದ ಆಂಡಯ್ಯ! ಸಂಸ್ಕೃತದ ಹಂಗಿಲ್ಲದೆ ಅಚ್ಚಗನ್ನಡದಲ್ಲೇ ಕಬ್ಬಿಗರ ಕಾವವನ್ನು ಕಟ್ಟಿದ ಆತ ಅದರ ನಾಯಕನನ್ನಾಗಿ ಆರಿಸಿಕೊಂಡದ್ದು ಯಾರನ್ನು? ಕಾಮನನ್ನು. ಅಲ್ಲಿ ಶಿವನ ಮೇಲೆಯೇ ದಂಡೆತ್ತಿ ಹೋಗುವ ಕಾಮನಿದ್ದಾನೆ. ಇಷ್ಟು ಅಕ್ಕರೆಯಿಂದ ಕನ್ನಡಕ್ಕೆ ತಂದುಕೊಂಡವನನ್ನು ಹೊರಗಿನವನು ಎನ್ನಲು ನನಗೆ ನಾಲಗೆ ಏಳದು.

ನನ್ನ ನಿಜವಾದ ನೋವು ಬೇರೆ. ತುಮಕೂರು ದಾಟಿದರೆ ಕರ್ನಾಟಕ ಮುಗಿಯಿತು ಎಂಬಂತೆ ರಾಜಧಾನಿ ಬದುಕುತ್ತಿದೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ಜನ ಸಾಲುಗಟ್ಟುತ್ತಾರೆ. ಹುಬ್ಬಳ್ಳಿ ರಂಗಪಂಚಮಿಗೆ ಬಣ್ಣದಲ್ಲಿ ಮುಳುಗುತ್ತದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನವಿಲುಗರಿ ಕಟ್ಟಿಕೊಂಡ ಬೇಡರ ವೇಷ ರಾತ್ರಿಯೆಲ್ಲ ಬೀದಿ ಕುಣಿಸುತ್ತದೆ. ಬಾಗಲಕೋಟೆಯಲ್ಲಿ ಬಂಡಿಗಳ ಮೇಲೆ ಬ್ಯಾರಲ್ ಇಟ್ಟುಕೊಂಡು ದಿನಗಟ್ಟಲೆ ಬಣ್ಣವಾಡುತ್ತಾರೆ. ಆದರೂ ಸರ್ಕಾರದ ಪಟ್ಟಿಯಲ್ಲಿ ಹೋಳಿಗೆ ಸಿಗುವುದು ಪರಿಮಿತ ರಜೆ ಮಾತ್ರ. ಅರ್ಧ ನಾಡಿನ ಹಬ್ಬ ಇನ್ನರ್ಧಕ್ಕೆ ಗೊತ್ತೇ ಇಲ್ಲವೆಂದರೆ, ಆ ತಪ್ಪಿನಲ್ಲಿ ನಮ್ಮಂಥ ಪತ್ರಿಕೆಗಳ ಪಾಲೂ ದೊಡ್ಡದು. ಇತ್ತ ನಮ್ಮೂರುಗಳಲ್ಲೂ ಡಿಜೆ ಬಂದು ಹಲಗಿಯನ್ನು ಮೂಲೆಗೆ ತಳ್ಳುತ್ತಿದೆ. ತಲೆಮಾರುಗಳಿಂದ ಚರ್ಮ ಹದಮಾಡಿ ಹಲಗಿ ಕಟ್ಟಿದ, ಬಾರಿಸಿದ ಮನೆಗಳವರು ಹೋಳಿಯ ದಿನವೂ ಕರೆಗೆ ಕಾಯುತ್ತ ಕೂರುವುದನ್ನು ಕಂಡು ಬಂದಿದ್ದೇನೆ. ವಿರುದ್ಧ ಬರೆಯುವುದಾದರೆ ಅದರ ವಿರುದ್ಧ ಬರೆಯುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಹುಣ್ಣಿಮೆಗೆ ಮೊಮ್ಮಗಳನ್ನು ಬಾಗಿಲು ಹಾಕಿ ಒಳಗೆ ಕೂರಿಸಬೇಡಿ. ಆರತಿಗೆ ಕದಡುತ್ತೀರಲ್ಲ, ಹಾಗೆಯೇ ಒಂದು ಪಾತ್ರೆ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣವನ್ನು ನೀವೇ ಬೆರೆಸಿ. ಹಳದಿ ನೀರು ಕಣ್ಣೆದುರೇ ಕೆಂಪಾಗುವುದನ್ನು ಆ ಮಗು ನೋಡಲಿ. ಮೊದಲ ಬೊಗಸೆ ಅವಳು ನಿಮ್ಮ ಸೀರೆಗೇ ಎರಚಲಿ.