ವಿಎಸ್‌ಎನ್‌ಎಲ್ ಡಯಲ್-ಅಪ್ ಏನಾಯಿತು? ಅಟ್ಟದಲ್ಲಿ ಸಿಕ್ಕ ಮೋಡೆಮ್ ಈಗ ನಡೆಯುತ್ತದಾ?

ವಿರಾಜಪೇಟೆ ಕಡೆಯ ತೋಟದ ಮನೆಯ ಅಟ್ಟದಲ್ಲಿ, ಫೋನ್ ಲೈನಿನಿಂದ ಡಯಲ್ ಮಾಡಿ ಕಂಪ್ಯೂಟರಿಗೆ ಇಂಟರ್ನೆಟ್ ತರುತ್ತಿದ್ದ ಹಳೇ ಮೋಡೆಮ್ಮೂ ವಿಎಸ್‌ಎನ್‌ಎಲ್ ಅಕೌಂಟಿನ ಕಾಗದವೂ ಸಿಕ್ಕಿವೆ, ಆ ಕಂಪನಿ ಎಲ್ಲಿ ಹೋಯಿತು, ಮೋಡೆಮ್‌ಗೆ ಜೀವ ಇದೆಯಾ ಎಂದು ಕೇಳಿದ್ದೀರಿ. ಮೊದಲು ಕಂಪನಿಯ ವಿಷಯ.

ವಿಎಸ್‌ಎನ್‌ಎಲ್ ಅಂದರೆ ವಿದೇಶ ಸಂಚಾರ ನಿಗಮ, 1986ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ದೇಶದಿಂದ ಹೊರಗೆ ಹೋಗುವ ಫೋನು, ಟೆಲೆಕ್ಸು ಎಲ್ಲ ಅದರ ಕೈಯಲ್ಲೇ ಇತ್ತು. 1995ರ ಆಗಸ್ಟ್ 15ರಂದು ಅದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಮೊದಲು ಮುಂಬೈ, ದೆಹಲಿ, ಕಲ್ಕತ್ತ, ಮದ್ರಾಸು. ಆಮೇಲೆ ಬೆಂಗಳೂರು, ಪುಣೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 500 ರೂಪಾಯಿಯ ಶೆಲ್ ಅಕೌಂಟ್, ಅದರಲ್ಲಿ ಬರೀ ಅಕ್ಷರ, ಚಿತ್ರ ಇಲ್ಲ. ಚಿತ್ರ ಕಾಣುವ ಟಿಸಿಪಿ/ಐಪಿ ಅಕೌಂಟಿಗೆ 15,000. ನಿಮ್ಮ ಕಾಗದದ ಇಮೇಲ್ ವಿಳಾಸದಲ್ಲಿ ‘ಜಿಐಎಎಸ್‌ಬಿಜಿ01’ ಅಂತ ಇದೆಯಾ ನೋಡಿ. ಬಿಜಿ ಅಂದರೆ ಬೆಂಗಳೂರು.

ಇಲ್ಲಿ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಇಂಟರ್ನೆಟ್ಟಿನ ಹೆಬ್ಬಾಗಿಲು ವಿಎಸ್‌ಎನ್‌ಎಲ್‌ದು, ಮನೆಗೆ ಬರುವ ತಂತಿ ದೂರಸಂಪರ್ಕ ಇಲಾಖೆಯದು. ಗಿರಾಕಿ ಎರಡೂ ಕಡೆ ದುಡ್ಡು ಕಟ್ಟಬೇಕಿತ್ತು: ಅಕೌಂಟಿನ ಗಂಟೆಗಳಿಗೆ ಒಂದು, ಫೋನ್ ಬಿಲ್ಲಿಗೆ ಇನ್ನೊಂದು. ಕೊಡಗಿನಿಂದ ಬೆಂಗಳೂರಿಗೆ ಡಯಲ್ ಮಾಡಿದರೆ ಅದು 080 ಸೇರಿಸಿದ ಎಸ್‌ಟಿಡಿ ಕರೆ. ಹಾಗಾಗಿ ರಾತ್ರಿಯ ಕಾಲು ದರ ಶುರುವಾಗುವ ತನಕ ಕಾದು ಕೂರಬೇಕಿತ್ತು.

ಅಷ್ಟು ಕಷ್ಟಪಟ್ಟು ತೋಟದ ಮನೆಯಲ್ಲಿ ಇಂಟರ್ನೆಟ್ ಯಾಕೆ ಬೇಕಾಯಿತು ಅಂದರೆ, ನನ್ನ ಪ್ರಕಾರ ಕಾರಣ ಕಾಫಿ. ಬೆಳೆದ ಕಾಫಿಯನ್ನು ಕಡ್ಡಾಯವಾಗಿ ಕಾಫಿ ಮಂಡಳಿಗೇ ಒಪ್ಪಿಸುವ ‘ಪೂಲ್’ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ರೇಟು ತಿಳಿಯದೆ ವ್ಯಾಪಾರಿಯ ಮುಂದೆ ಕೂರುವ ಹಾಗಿರಲಿಲ್ಲ. 30 ಕೆಬಿಯ ಒಂದು ಪುಟ 9.6 ಕೆಬಿಪಿಎಸ್ ವೇಗದಲ್ಲಿ ಬರಲು 25 ಸೆಕೆಂಡ್ ಸಾಕು. ಆದರೆ 1 ಎಂಬಿಯ ಕಡತ ಇಳಿಸಲು 14 ನಿಮಿಷ, ಅದೂ ಲೈನ್ ನಡುವೆ ಕಟ್ಟಾಗದಿದ್ದರೆ.

ಲೈನ್ ಕಟ್ಟಾಗದೆ ಇರುತ್ತಿರಲಿಲ್ಲ. ಮೋಡೆಮ್ ಕೀರಲು ದನಿ ಮಾಡುತ್ತದಲ್ಲ, ಆ ಹೊತ್ತಿನಲ್ಲಿ ಎರಡು ತುದಿಯೂ ತಂತಿಯನ್ನು ಪರೀಕ್ಷೆ ಮಾಡುತ್ತಿರುತ್ತವೆ: ಯಾವ ಸ್ವರ ಎಷ್ಟು ಸವೆದು ಬಂತು, ಗಲಾಟೆ ಎಷ್ಟು, ಪ್ರತಿಧ್ವನಿ ಎಷ್ಟು ಅಂತ. ಅದರ ಮೇಲೆ ವೇಗ ನಿರ್ಧಾರ. ಎಕ್ಸ್‌ಚೇಂಜಿನಿಂದ ಕಿಲೋಮೀಟರುಗಟ್ಟಲೆ ಮರಗಳ ನಡುವೆ ಬಂದ ತಂತಿ, ಸಿಲ್ವರ್ ಓಕ್ ಮರದ ಕೊಂಬೆ ಬಿದ್ದಲ್ಲೆಲ್ಲ ಒಂದೊಂದು ಜಾಯಿಂಟು, ಜುಲೈ-ಆಗಸ್ಟ್‌ನ ಕಕ್ಕಡ ಮಳೆಯಲ್ಲಿ ಆ ಜಾಯಿಂಟುಗಳ ಒಳಗೆ ನೀರು. ಮಾತಾಡುವಾಗ ಬರೀ ಕರಕರ ಅನ್ನುವ ಲೈನಿನಲ್ಲಿ ಮೋಡೆಮ್ ಮತ್ತೆಮತ್ತೆ ವೇಗ ಇಳಿಸಿ, ಕೊನೆಗೆ ಕೈಬಿಡುತ್ತದೆ. ಪಕ್ಕದ ಕೋಣೆಯ ಪ್ಯಾರಲಲ್ ಫೋನ್ ಎತ್ತಿದರೂ ಅದೇ ಗತಿ. ಡಬ್ಬದ ಮೇಲೆ 56 ಕೆ ಅಂತ ಬರೆದಿದ್ದರೂ, ಆ ವೇಗಕ್ಕೆ ಇಂಟರ್ನೆಟ್ ಕೊಡುವವರ ತುದಿ ಡಿಜಿಟಲ್ ಆಗಿರಬೇಕು, ನಡುವೆ ಒಂದೇ ಒಂದು ಸಲ ಅನಲಾಗ್ ಆಗಬೇಕು. ಇಲ್ಲವಾದರೆ 33.6 ಕೆಬಿಪಿಎಸ್‌ಗಿಂತ ಮೇಲೆ ಏರುವುದಿಲ್ಲ.

ವಿಎಸ್‌ಎನ್‌ಎಲ್ ಬಿದ್ದದ್ದು ಹೇಗೆ? 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಲೈಸೆನ್ಸ್ ಸಿಕ್ಕಿತು, ಸತ್ಯಂ ಇನ್ಫೋವೇ ಮೊದಲು ಬಂತು, ದರ ಇಳಿಯಿತು. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಫೋನ್ ಸೇವೆ ಬಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿ ಆಯಿತು. ತಂತಿ ಇದ್ದವರೇ ಸಂಚಾರ್‌ನೆಟ್ ಹೆಸರಲ್ಲಿ ಇಂಟರ್ನೆಟ್ ಮಾರಿದರು, 172ರಿಂದ ಶುರುವಾಗುವ ನಂಬರಿಗೆ ಲೋಕಲ್ ಕರೆ ಸಾಕಾಯಿತು. ಕೊಡಗಿನಂಥ ಜಾಗದಲ್ಲಿ ವಿಎಸ್‌ಎನ್‌ಎಲ್ ಕಥೆ ಅಲ್ಲಿಗೇ ಮುಗಿದ ಹಾಗೆ. 2002ರ ಫೆಬ್ರವರಿಯಲ್ಲಿ ಸರ್ಕಾರ ಶೇ. 25 ಪಾಲನ್ನು ಟಾಟಾ ಸಮೂಹಕ್ಕೆ 1,439 ಕೋಟಿಗೆ ಮಾರಿತು. ಏಪ್ರಿಲ್ 1ಕ್ಕೆ ವಿದೇಶ ಕರೆಗಳ ಏಕಸ್ವಾಮ್ಯವೂ ಹೋಯಿತು. 2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಷನ್ಸ್ ಆಯಿತು. ಅಂದರೆ ಕಂಪನಿ ಸತ್ತಿಲ್ಲ, ಮನೆಮನೆಯ ಡಯಲ್-ಅಪ್ ಸತ್ತಿತು. ಅದನ್ನು ಕೊಂದದ್ದು 2005ರ ಜನವರಿಯಲ್ಲಿ ಬಂದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್. ಆದರೆ ಆ ಬ್ರಾಡ್‌ಬ್ಯಾಂಡಿನ ಎಡಿಎಸ್‌ಎಲ್ ತಂತ್ರಜ್ಞಾನ ತಾಮ್ರದ ಫೋನ್ ತಂತಿಯಲ್ಲಿ ನಾಲ್ಕೈದು ಕಿಲೋಮೀಟರ್ ದಾಟಿದರೆ ಸೊರಗುತ್ತದೆ. ಪೇಟೆಗೆ ಬೇಗ ಬಂದದ್ದು ಒಳಗಿನ ತೋಟಗಳಿಗೆ ಬರಲಿಲ್ಲ, ಅಲ್ಲಿ ಆಗ ಡಯಲ್-ಅಪ್ಪೇ ಗತಿಯಾಗಿತ್ತು.

ಇನ್ನು ನಿಮ್ಮ ಮೋಡೆಮ್. ಮೊದಲು ಅಡಾಪ್ಟರಿನ ಚೀಟಿ ಓದಿ. ಎಷ್ಟೋ ಬಾಹ್ಯ ಮೋಡೆಮ್‌ಗಳು 9 ವೋಲ್ಟ್ ಎಸಿ ಕೇಳುತ್ತವೆ, ಕೈಗೆ ಸಿಕ್ಕ ಡಿಸಿ ಅಡಾಪ್ಟರ್ ಹಾಕಬೇಡಿ. ದೀಪ ಹತ್ತಿದರೆ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿ, ಟರ್ಮಿನಲ್ ತಂತ್ರಾಂಶದಲ್ಲಿ ವೇಗ 9600 ಇಟ್ಟು ‘ಎಟಿ’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಎಂಟರ್ ಒತ್ತಿ. ‘ಓಕೆ’ ಬಂದರೆ ಮಿದುಳು ಸರಿ ಇದೆ ಎಂದರ್ಥ. ಆದರೆ ಫೋನ್ ಲೈನಿನ ಕಡೆಯ ಭಾಗ ಸುಟ್ಟಿದ್ದರೂ ‘ಓಕೆ’ ಬರುತ್ತದೆ, ಮೋಸ ಹೋಗಬೇಡಿ. ಮಾರ್ಚ್-ಏಪ್ರಿಲ್‌ನ ಹೂಮಳೆಯ ಸಿಡಿಲಿಗೆ ಮೊದಲು ಹೋಗುತ್ತಿದ್ದದ್ದೇ ಆ ಭಾಗ. ಮೇಲಿನ ಮುಚ್ಚಳ ಬಿಚ್ಚಿ, ಫೋನ್ ಜ್ಯಾಕಿನ ಹಿಂದೆ ಕಪ್ಪಾದ ಗುರುತು, ಒಡೆದ ನೀಲಿ ಬಿಲ್ಲೆ ಇದೆಯಾ ನೋಡಿ.

ಡಯಲ್ ಮಾಡಲು ವಿಎಸ್‌ಎನ್‌ಎಲ್‌ನ ಆ ನಂಬರು ಈಗಿಲ್ಲ. ಪರೀಕ್ಷೆಗೆ ಇನ್ನೊಂದು ಹಳೇ ಮೋಡೆಮ್ ಬೇಕು. ಎರಡನ್ನೂ ಮಾಮೂಲಿ ಫೋನ್ ವೈರಿನಿಂದ ಜೋಡಿಸಿ, ಒಂದರಲ್ಲಿ ‘ಎಟಿಎಕ್ಸ್3ಡಿ’, ಕೂಡಲೇ ಇನ್ನೊಂದರಲ್ಲಿ ‘ಎಟಿಎ’ ಕೊಡಿ. ಎಕ್ಸ್3 ಅಂದರೆ ಡಯಲ್ ಟೋನಿಗೆ ಕಾಯಬೇಡ ಅಂತ. ಬಹಳಷ್ಟು ಮೋಡೆಮ್‌ಗಳು ಇಷ್ಟಕ್ಕೇ ಕೂಡಿಕೊಳ್ಳುತ್ತವೆ. ಹಠ ಮಾಡಿದರೆ ಒಂದು ತಂತಿಯ ನಡುವೆ 9 ವೋಲ್ಟ್ ಬ್ಯಾಟರಿ, ಅದರ ಜೊತೆ ಸರಣಿಯಲ್ಲಿ ಸುಮಾರು 400 ಓಮ್ ರೆಸಿಸ್ಟರ್ ಸೇರಿಸಿ. ಆ ಕೀರಲು ದನಿ ಕೇಳಿಸಿ, ತೆರೆಯ ಮೇಲೆ ‘ಕನೆಕ್ಟ್’ ಪಕ್ಕ ಒಂದು ಅಂಕೆ ಬಂದರೆ ನಿಮ್ಮ ಮೋಡೆಮ್‌ಗೆ ಸಿಡಿಲು ಬಡಿದಿಲ್ಲ.