ಲಂಬಕೋನ ತ್ರಿಭುಜದ ಮಾತಿನ ಲೆಕ್ಕಕ್ಕೆ ಸಮೀಕರಣ ಹೇಗೆ ಬರೆಯುವುದು?

ಹಾವೇರಿ ಕಡೆಯ ಹೊಲವೊಂದರಲ್ಲಿ 18 ಮೀಟರ್ ಎತ್ತರದ ತೆಂಗಿನ ಮರ ಗಾಳಿಗೆ ಮುರಿದಿದೆ ಅಂದುಕೊಳ್ಳಿ. ಮುರಿದ ಭಾಗ ಪೂರ್ತಿ ಬೇರೆಯಾಗಿಲ್ಲ, ತುದಿ ಬುಡದಿಂದ 12 ಮೀಟರ್ ದೂರದಲ್ಲಿ ನೆಲ ಮುಟ್ಟಿದೆ. ಮುರಿದದ್ದು ಎಷ್ಟು ಎತ್ತರದಲ್ಲಿ?

ಮೊದಲು ಚಿತ್ರ ಬರೆಯಿರಿ, ಇದನ್ನು ಬಿಡಲೇಬೇಡಿ. ಆ ಎತ್ತರ ‘ಎ’ ಆಗಿರಲಿ. ಜಾಸ್ತಿ ಮಕ್ಕಳು ತಡವರಿಸುವುದು ಮುಂದಿನ ಹೆಜ್ಜೆಯಲ್ಲಿ: ಬಾಗಿದ ಭಾಗಕ್ಕೆ ಇನ್ನೊಂದು ಹೊಸ ಅಕ್ಷರ ಬೇಡ. ಒಟ್ಟು ಮರ 18 ಅಲ್ವಾ? ಹಾಗಾದರೆ ಅದು 18 − ಎ. ಅದೇ ವಿಕರ್ಣ, ಅಂದರೆ ಲಂಬಕೋನದ ಎದುರಿನ ಬಾಹು.

ಪೈಥಾಗೊರಸ್ ಪ್ರಮೇಯದಂತೆ ಉಳಿದೆರಡು ಬಾಹುಗಳ ವರ್ಗಗಳ ಮೊತ್ತ ವಿಕರ್ಣದ ವರ್ಗಕ್ಕೆ ಸಮ (12² = 144):
ಎ² + 144 = (18 − ಎ)²
ಎ² + 144 = 324 − 36ಎ + ಎ²

ಎರಡೂ ಕಡೆಯ ಎ² ಹೋಗುತ್ತದೆ. ವರ್ಗ ಸಮೀಕರಣ ಅಂತ ಹೆದರಿದ್ದು ಸರಳ ಸಮೀಕರಣವಾಯಿತು! 36ಎ = 180, ಎ = 5 ಮೀಟರ್. ತಾಳೆ ನೋಡಿ: 25 + 144 = 169, ಅಂದರೆ 13²; ವಿಕರ್ಣವೂ 18 − 5 = 13.